ಒಂದು ಹಳೆಯ ಸೀರೆ, ಒಂದು ಕೌದಿ, ಒಂದು ಪುಸ್ತಕ: ಅಂಚು ಕಟ್ಟುವ ಕೆಲಸಕ್ಕೊಂದು ಸಮಗ್ರ ಮಾರ್ಗದರ್ಶಿ

ನಾನು ಕಟ್ಟಿದ ಮೊದಲ ಪುಸ್ತಕಕ್ಕೆ ಚೌತಿಯ ಹೊತ್ತಿಗೆ ಗಡ್ಡ ಬಂದಿತ್ತು. ಜುಲೈ–ಆಗಸ್ಟಿನ ಆಟಿ ಮಳೆಯಲ್ಲಿ ಮೈದಾ ಅಂಟನ್ನು ಧಾರಾಳವಾಗಿ ಬಳಿದು, ಸರಿಯಾಗಿ ಒಣಗಿಸದೆ ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೆ. ತೆಗೆದು ನೋಡಿದರೆ ಬೆನ್ನಿನ ಉದ್ದಕ್ಕೂ ಬೂದುಬಣ್ಣದ ಬೂಷ್ಟು. ರಟ್ಟು ದೋಣಿಯ ಹಾಗೆ ಬಾಗಿತ್ತು. ಆದರೆ ಒಳಗಿನ ಹಾಳೆ ಒಂದೂ ಕಳಚಿರಲಿಲ್ಲ. ದಾರ ಹಿಡಿದುಕೊಂಡಿತ್ತು. ಅದೇ ಕಪಾಟಿನ ಮೇಲಿನ ಖಾನೆಯಲ್ಲಿ ಅಜ್ಜಿ ಹೊಲಿದ ಕೌದಿ ಎಷ್ಟೋ ಮಳೆಗಾಲ ಕಂಡೂ ಹಾಗೇ ಇತ್ತು. ಅದರಲ್ಲಿ ಅಂಟಿನ ಒಂದು ಹನಿಯೂ ಇಲ್ಲ.

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಂಗಳೂರು, ಉಡುಪಿಯ ಊರುಗಳಲ್ಲಿ ಅಂಟನ್ನು ನೆಂಟನಂತೆ ನೋಡಬೇಕು, ದಾರವನ್ನು ಮನೆಯವನಂತೆ. ನೆಂಟ ಬಂದು ಸಹಾಯ ಮಾಡಿ ಹೋಗಲಿ. ಮನೆಯ ಭಾರ ಅವನ ಮೇಲೆ ಬೇಡ. ಉಡುಪಿಯ ಮಠಗಳಲ್ಲಿರುವ ತಾಳೆಗರಿಯ ಕಟ್ಟುಗಳನ್ನೇ ನೋಡಿ: ಗರಿಗೆ ತೂತು, ತೂತಿನಲ್ಲಿ ಹುರಿ, ಮೇಲೊಂದು ಕೆಳಗೊಂದು ಮರದ ಹಲಗೆ. ಅಂಟಿನ ಮಾತೇ ಇಲ್ಲ. ಬಟ್ಟೆಯಲ್ಲೇ ಪುಸ್ತಕ ಮಾಡುವ ಪದ್ಧತಿಯೂ ನಮ್ಮಲ್ಲಿ ಇತ್ತು. ಹುಣಸೆಬೀಜದ ಗಂಜಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅದೇ ಕಡತ. ಈಗ ಕಚೇರಿಯ ಮೇಜಿನಿಂದ ಮೇಜಿಗೆ ಹೋಗುವ ಫೈಲಿಗೆ ಆ ಹೆಸರು ಉಳಿದಿದೆ, ಬಟ್ಟೆ ಉಳಿದಿಲ್ಲ.

ಈ ಮಾರ್ಗದರ್ಶಿಯಲ್ಲಿ ಒಂದೇ ಹತ್ತಿ ಸೀರೆಯಿಂದ ಎರಡು ವಸ್ತು ಮಾಡೋಣ: ಮಗುವಿಗೆ ಹೊದಿಸುವಷ್ಟು ದೊಡ್ಡ ಕೌದಿ, ಮತ್ತು 128 ಪುಟದ ಒಂದು ಹೊಲಿದ ಪುಸ್ತಕ. ಎರಡರಲ್ಲೂ ಕಷ್ಟದ ಜಾಗ ಮೂಲೆ. ಎರಡರಲ್ಲೂ ಮೊದಲು ತಿಳಿಯಬೇಕಾದದ್ದು ಎಳೆ ಯಾವ ಕಡೆಗೆ ಓಡುತ್ತದೆ ಎಂಬುದು.

ಎಳೆಯ ದಿಕ್ಕು

ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕು ಎಂದು ಎರಡು ಎಳೆ. ಸೀರೆಯ ಉದ್ದಕ್ಕೆ ಓಡುವುದು ಹಾಸು. ಮಗ್ಗದಲ್ಲಿ ಬಿಗಿದು ಕಟ್ಟಿದ್ದರಿಂದ ಅದು ಹೆಚ್ಚು ಹಿಗ್ಗುವುದಿಲ್ಲ. ಅಡ್ಡಕ್ಕೆ ಓಡುವುದು ಹೊಕ್ಕು. ಅದು ಸ್ವಲ್ಪ ಹಿಗ್ಗುತ್ತದೆ. ಓರೆಯಾಗಿ ಎಳೆದರೆ ಬಟ್ಟೆ ರಬ್ಬರಿನಂತೆ ಜಗ್ಗುತ್ತದೆ. ದರ್ಜಿಗಳು ಕುತ್ತಿಗೆಗೆ ಹಾಕುವ ಕ್ರಾಸ್ ಪಟ್ಟಿ ಇದೇ. ದುಂಡು ಮೂಲೆಯ ಕೌದಿಗೆ ಕ್ರಾಸ್ ಪಟ್ಟಿ ಬೇಕೇ ಬೇಕು. ನೇರ ಅಂಚಿಗೆ ನೇರ ಪಟ್ಟಿ ಸಾಕು.

ಕಾಗದಕ್ಕೂ ಎಳೆ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಯಂತ್ರದಲ್ಲಿ ಕಾಗದ ಓಡುವ ದಿಕ್ಕಿಗೆ ನಾರುಗಳು ಮಲಗುತ್ತವೆ. ದಿನಪತ್ರಿಕೆಯನ್ನು ಒಂದು ಕಡೆಗೆ ಹರಿದರೆ ನೇರವಾಗಿ ಹರಿಯುತ್ತದೆ, ಇನ್ನೊಂದು ಕಡೆಗೆ ಹರಿದರೆ ವಕ್ರವಾಗಿ ಹೋಗುತ್ತದೆ. ಗೊತ್ತಾಗದಿದ್ದರೆ ಸಣ್ಣ ಚೌಕ ಕತ್ತರಿಸಿ ಒಂದು ಮುಖಕ್ಕೆ ಮಾತ್ರ ನೀರು ಸವರಿ. ಅದು ಕೊಳವೆಯಂತೆ ಸುರುಳಿಯಾಗುತ್ತದೆ. ಕೊಳವೆಯ ಉದ್ದ ಯಾವ ಕಡೆಗೋ ಎಳೆ ಆ ಕಡೆಗೆ. ತೇವ ಕುಡಿದಾಗ ಕಾಗದ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ. ಪುಸ್ತಕದ ಬೆನ್ನಿಗೆ, ಅಂದರೆ ಹಾಳೆಗಳೆಲ್ಲ ಕೂಡುವ ಬದಿಗೆ, ಎಳೆ ಸಮಾನಾಂತರವಾಗಿದ್ದರೆ ಹಿಗ್ಗಿದ್ದು ತೆರೆದ ಅಂಚಿನ ಕಡೆಗೆ ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಅಡ್ಡವಾಗಿದ್ದರೆ ಬೆನ್ನು ಹಿಡಿದೆಳೆಯುತ್ತದೆ, ಹಾಳೆ ಹಿಗ್ಗಲು ನೋಡುತ್ತದೆ, ಜೂನ್ ತಿಂಗಳಲ್ಲಿ ಪುಟಗಳು ಕಡಲಿನ ಅಲೆಯಂತೆ ಏಳುತ್ತವೆ. ಹಾಳೆ, ರಟ್ಟು, ಹೊದಿಕೆಯ ಬಟ್ಟೆ, ಎಲ್ಲದರ ಎಳೆಯೂ ಬೆನ್ನಿನ ಉದ್ದಕ್ಕೇ ಇರಲಿ. ಬೇರೆ ಯಾವ ಸೂಚನೆ ಮರೆತರೂ ಇದನ್ನು ಮರೆಯಬೇಡಿ.

ಸೀರೆಯನ್ನು ಹಂಚುವುದು

ಬಳಸಿ ಮೆತ್ತಗಾದ ಹತ್ತಿ ಸೀರೆ ಬೇಕು. ಉಡುಪಿ ಕೈಮಗ್ಗದ ಸೀರೆ ಸಿಕ್ಕಿದರೆ ಭಾಗ್ಯ. ತೆಳುವಾಗಿಯೂ ಬಿಗಿಯಾಗಿಯೂ ಇರುತ್ತದೆ. ರೇಷ್ಮೆ, ನೈಲಾನ್ ಬೇಡ. ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಳೆಯ ಗಂಜಿಯೆಲ್ಲ ಬಿಡುವಂತೆ ಒಗೆಯಿರಿ. ಗಂಜಿ ಉಳಿದರೆ ಬಟ್ಟೆ, ಕಾಗದ ತಿನ್ನುವ ಬೆಳ್ಳಿಹುಳಕ್ಕೆ ಔತಣ ಕೊಟ್ಟಂತೆ. ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿ; ಜಾಳಾದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಆ ಭಾಗ ಕೌದಿಯ ಒಳಪದರಕ್ಕೆ ಹೋಗಲಿ.

ಐದೂವರೆ ಮೀಟರ್ ಸೀರೆ ಎಂದರೆ ಸುಮಾರು 216 ಇಂಚು ಉದ್ದ, 45–46 ಇಂಚು ಅಗಲ. ಮೊದಲು ಪೂರ್ತಿ ಉದ್ದಕ್ಕೆ 2½ ಇಂಚು ಅಗಲದ ಒಂದೇ ಪಟ್ಟಿ ಕತ್ತರಿಸಿ ತೆಗೆದಿಡಿ. ಇದು ಅಂಚುಪಟ್ಟಿ. ಅಂಗಡಿಯ ಬಟ್ಟೆಯಲ್ಲಾದರೆ ತುಂಡು ತುಂಡು ಜೋಡಿಸಬೇಕಾಗುತ್ತದೆ; ಸೀರೆ ಈ ಕಷ್ಟ ಕೊಡುವುದಿಲ್ಲ. ಜರಿಯಿಲ್ಲದ ಹತ್ತಿಯ ಅಂಚಿದ್ದರೆ ಅದನ್ನೇ ಪಟ್ಟಿ ಮಾಡಬಹುದು, ಸೊಗಸಾಗಿ ಕಾಣುತ್ತದೆ. ಜರಿ ಮಗುವಿಗೆ ಚುಚ್ಚುತ್ತದೆ.

ಉಳಿದ 43 ಇಂಚು ಅಗಲದ ಬಟ್ಟೆಯನ್ನು 36 ಇಂಚಿಗೊಂದರಂತೆ ಕತ್ತರಿಸಿದರೆ ಆರು ತುಂಡು. ಐದು ಕೌದಿಗೆ, ಆರನೆಯದು ಪುಸ್ತಕಕ್ಕೆ. ಕೌದಿಯ ಸುತ್ತಳತೆ 158 ಇಂಚು. ಮೂಲೆಗೂ ಜೋಡಣೆಗೂ 12 ಇಂಚು ಸೇರಿಸಿದರೆ 170. ಪಟ್ಟಿ 216 ಇಂಚು ಇರುವುದರಿಂದ ಎಲ್ಲೋ ಒಂದೆಡೆ ಜಾಳಾಗಿದ್ದರೂ ಕತ್ತರಿಸಿ ಎಸೆಯುವ ಸ್ವಾತಂತ್ರ್ಯ ಇದೆ.

ಕೌದಿ ಹೊಲಿಯುವುದು

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಹೊರಗಿನ ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಅಂಚನ್ನು ಮೊದಲೇ ಒಳಕ್ಕೆ ಮಡಚಿ ಹೊಲಿಯುವುದರಿಂದ ಅವರಿಗೆ ಬೇರೆ ಪಟ್ಟಿ ಬೇಡ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಹೂವು ಇಡುತ್ತಾರೆ. ಬಹಳ ಚೆಂದದ ಕ್ರಮ, ಆದರೆ ಕೈ ಪಳಗಿರಬೇಕು. ನಾವು ಪಟ್ಟಿ ಕಟ್ಟುವವರು. ಆದ್ದರಿಂದ ನಡುವಿನಿಂದ ಹೊರಕ್ಕೆ ಹೊಲಿಯೋಣ. ಸುಕ್ಕುಗಳು ಅಂಚಿನ ಕಡೆಗೆ ಸರಿದು ಹೊರಬೀಳುತ್ತವೆ.

ಗುಡಿಸಿ ಒರೆಸಿದ ನೆಲದ ಮೇಲೆ ಐದು ಪದರ ಒಂದರ ಮೇಲೊಂದು ಹರಡಿ. ಸೆರಗಿನ ತುಂಡು ಮೇಲಿರಲಿ. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಎದ್ದು ಕಾಣುವ ಬಣ್ಣದ ದಾರದಲ್ಲಿ, ಆರಾರು ಇಂಚಿಗೊಂದು ಸಾಲಿನಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟವರು ಆಮೇಲೆ ಅಳುತ್ತಾರೆ. ಬಳಿಕ ನಡುವಿನಿಂದ ಆರಂಭಿಸಿ ಇಂಚಿಗೊಂದು ಸಾಲು ಸಾದಾ ಹೊಲಿಗೆ. ಸೂಜಿಗೆ ಮೂರು ನಾಲ್ಕು ಹೊಲಿಗೆ ಒಟ್ಟಿಗೆ ಪೋಣಿಸಿ ಎಳೆಯಿರಿ. ದಾರವನ್ನು ಬಿಗಿಯಬೇಡಿ, ಬಟ್ಟೆ ನೆರಿಗೆಗಟ್ಟುತ್ತದೆ. ದಿನಕ್ಕೆ ಒಂದು ಗಂಟೆಯಂತೆ ಕುಳಿತರೆ ವಾರಗಳೇ ಹಿಡಿಯುತ್ತವೆ, ಅವಸರ ಬೇಡ.

ಮುಗಿದ ಮೇಲೆ ಅಂಚು ಏರುಪೇರಾಗಿರುತ್ತದೆ. ನೆಲಕ್ಕೆ ಚೌಕದ ಟೈಲ್ಸ್ ಹಾಕಿದ್ದರೆ ಅದರ ಗೆರೆಯೇ ನಿಮ್ಮ ಮೂಲೆಮಟ್ಟ. ಕೌದಿಯ ಒಂದು ಬದಿಯನ್ನು ಗೆರೆಗೆ ಕೂರಿಸಿ ಉಳಿದ ಬದಿಗಳನ್ನು ನೇರ ಮಾಡಿ.

ಅಂಚುಪಟ್ಟಿ ಕಟ್ಟುವುದು

ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ, ಒಳಮುಖ ಒಳಗೆ ಹೋಗುವಂತೆ, ಇಸ್ತ್ರಿ ಮಾಡಿ. ಈಗ ಅದು 1¼ ಇಂಚು. ಎರಡು ಪದರ ಇರುವುದರಿಂದ ಮೇಲಿನದು ಸವೆದರೂ ಕೆಳಗಿನದು ಇದೆ.

ಕೌದಿಯ ಮೇಲ್ಮುಖದಲ್ಲಿ, ಯಾವುದಾದರೂ ಬದಿಯ ನಡುವಿನಿಂದ ಆರಂಭಿಸಿ. ಮೂಲೆಯಿಂದ ಎಂದೂ ಆರಂಭಿಸಬೇಡಿ. ಪಟ್ಟಿಯ ಕತ್ತರಿಸಿದ ಅಂಚು ಕೌದಿಯ ಅಂಚಿಗೆ ಸರಿಯಾಗಿ ಕೂರಬೇಕು, ಮಡಿಕೆ ಒಳಗಡೆಗೆ. ಮೊದಲ 8 ಇಂಚು ಬಾಲವನ್ನು ಹೊಲಿಯದೆ ಬಿಟ್ಟು, ಅಂಚಿನಿಂದ ¼ ಇಂಚು ಒಳಗೆ ಹೊಲಿಯುತ್ತ ಹೋಗಿ. ಯಂತ್ರವಾದರೂ ಸರಿ, ಕೈಯಾದರೂ ಸರಿ. ಪಟ್ಟಿಯನ್ನು ಎಳೆದು ಹೊಲಿದರೆ ಕೌದಿ ಬೋಗುಣಿಯಂತೆ ಗುಳಿಬೀಳುತ್ತದೆ. ಕೌದಿಯನ್ನು ಎಳೆದರೆ ಅಂಚು ಹಪ್ಪಳದಂತೆ ನೆರಿಗೆ ಏಳುತ್ತದೆ. ಎರಡನ್ನೂ ಮುಟ್ಟಿಯೂ ಮುಟ್ಟದಂತೆ ನಡೆಸಿ.

ಮೂಲೆ ಬಂತು. ಇಲ್ಲಿ ನಿಧಾನ.

1. ಮೂಲೆಗೆ ¼ ಇಂಚು ಇರುವಾಗಲೇ ನಿಲ್ಲಿಸಿ, ದಾರ ಕಟ್ಟಿ ಕತ್ತರಿಸಿ.

2. ಪಟ್ಟಿಯನ್ನು ನೇರ ಮೇಲಕ್ಕೆ, ಅಂದರೆ ಕೌದಿಯಿಂದ ಆಚೆಗೆ, ಮಡಚಿ. ಮೂಲೆಯಲ್ಲಿ ಓರೆ ಮಡಿಕೆ ಮೂಡುತ್ತದೆ. ಪಟ್ಟಿಯ ಕತ್ತರಿಸಿದ ಅಂಚು ಮುಂದಿನ ಬದಿಯ ಅಂಚಿಗೆ ಒಂದೇ ಗೆರೆಯಲ್ಲಿ ಸಾಗಬೇಕು.

3. ಆ ಓರೆ ಮಡಿಕೆಯನ್ನು ಬೆರಳಲ್ಲಿ ಒತ್ತಿ ಹಿಡಿದು, ಪಟ್ಟಿಯನ್ನು ಮತ್ತೆ ಕೆಳಕ್ಕೆ ಮುಂದಿನ ಬದಿಯ ಮೇಲೆ ಮಡಚಿ. ಈ ಎರಡನೆಯ ಮಡಿಕೆ ಕೌದಿಯ ಮೇಲಂಚಿಗೆ ಸರಿಯಾಗಿ ಕೂರಬೇಕು.

4. ಆ ಅಂಚಿನಿಂದಲೇ ಹೊಸ ಬದಿಯ ಹೊಲಿಗೆ ಶುರುಮಾಡಿ.

ಮೊದಲ ಮೂಲೆ ಕೆಡುತ್ತದೆ. ಬಿಚ್ಚಿ ಇನ್ನೊಮ್ಮೆ ಹೊಲಿದರಾಯಿತು. ಅನುಮಾನವಿದ್ದರೆ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಪಟ್ಟಿ ಕತ್ತರಿಸಿ ಮಡಚಿ ನೋಡಿ. ಕೈಗೆ ತಿಳಿದದ್ದು ತಲೆಗೆ ಆಮೇಲೆ ತಿಳಿಯುತ್ತದೆ.

ನಾಲ್ಕು ಮೂಲೆ ದಾಟಿ ಆರಂಭದ ಜಾಗಕ್ಕೆ ಸುಮಾರು 10 ಇಂಚು ಇರುವಾಗ ನಿಲ್ಲಿಸಿ. ಎರಡು ಬಾಲಗಳನ್ನು ಒಂದರ ಮೇಲೊಂದು ಮಲಗಿಸಿ, ಅವು ಸರಿಯಾಗಿ 2½ ಇಂಚು, ಅಂದರೆ ಪಟ್ಟಿಯ ಮೂಲ ಅಗಲದಷ್ಟು, ಒಂದನ್ನೊಂದು ಹಾಯುವಂತೆ ಕತ್ತರಿಸಿ. ಮಡಿಕೆ ಬಿಡಿಸಿ, ಮುಖಕ್ಕೆ ಮುಖ ಇಟ್ಟು, ಒಂದಕ್ಕೊಂದು ಲಂಬವಾಗಿ ಜೋಡಿಸಿ ಮೂಲೆಯಿಂದ ಮೂಲೆಗೆ ಓರೆಯಾಗಿ ಹೊಲಿಯಿರಿ. ಕತ್ತರಿ ಆಡಿಸುವ ಮೊದಲು ಎಳೆದು ನೋಡಿ, ತಿರುಚಿಲ್ಲವಷ್ಟೇ? ಸರಿಯಿದ್ದರೆ ¼ ಇಂಚು ಉಳಿಸಿ ಕತ್ತರಿಸಿ, ಉಳಿದ ಭಾಗ ಹೊಲಿದು ಮುಗಿಸಿ. ಓರೆ ಜೋಡಣೆಯಲ್ಲಿ ದಪ್ಪ ಒಂದೇ ಕಡೆ ಗುಡ್ಡೆ ಬೀಳುವುದಿಲ್ಲ.

ಈಗ ಪಟ್ಟಿಯನ್ನು ಹಿಂಬದಿಗೆ ತಿರುಗಿಸಿ. ಅದರ ಮಡಿಕೆ ಹೊಲಿಗೆಯ ಗೆರೆಯನ್ನು ಮುಚ್ಚಿದರೆ ಸಾಕು. ಸೀರೆಗೆ ಫಾಲ್ ಹಚ್ಚುವ ಹೊಲಿಗೆ ಗೊತ್ತಲ್ಲ, ಅದೇ ಇಲ್ಲಿಗೆ: ಕೌದಿಯ ಕೆಳಪದರದ ಒಂದೆರಡು ಎಳೆಯನ್ನು ಮಾತ್ರ ಎತ್ತಿ, ಮಡಿಕೆಯೊಳಗೆ ಸೂಜಿ ಓಡಿಸಿ ಹೊರತೆಗೆಯುವುದು. ಮೂಲೆಯಲ್ಲಿ ಒಂದು ಬದಿಯನ್ನು ಮೊದಲು ಮಲಗಿಸಿ, ಮತ್ತೊಂದನ್ನು ಅದರ ಮೇಲೆ ಓರೆಯಾಗಿ ಮಡಚಿ, ಆ ಓರೆಗೂ ನಾಲ್ಕು ಹೊಲಿಗೆ ಹಾಕಿ. ಯಂತ್ರದಲ್ಲಿ ಇದನ್ನು ಮಾಡುವವರಿದ್ದಾರೆ; ನನಗೆ ಒಪ್ಪಿಗೆಯಿಲ್ಲ. ಐದು ಪದರ ಕೈಯಲ್ಲಿ ಹೊಲಿದು ಕೊನೆಯ ಅಂಚಿಗೆ ಯಂತ್ರ ಓಡಿಸುವುದು ಪಾಯಸ ಮಾಡಿ ಕಾಗದದ ಲೋಟದಲ್ಲಿ ಕೊಟ್ಟ ಹಾಗೆ.

ಪುಸ್ತಕದ ಫಾರಂ ಮಡಚುವುದು

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ 1,700ಕ್ಕೂ ಹೆಚ್ಚು ಪುಟಗಳಿವೆ. ಅಂಥ ಗಾತ್ರವನ್ನು ಬರೀ ಅಂಟಿನಿಂದ ಹಿಡಿದು ನಿಲ್ಲಿಸುವ ಧೈರ್ಯ ಆ ಕಾಲದ ಯಾವ ಬೈಂಡರಿಗೂ ಇರಲಿಲ್ಲ. ಅದೇ ಮಿಷನ್ನು ಮಂಗಳೂರಿನಲ್ಲಿ ನೇಯ್ಗೆಯ ಮಗ್ಗಗಳನ್ನೂ ನಡೆಸುತ್ತಿತ್ತು. ದಾರವೂ ಪುಸ್ತಕವೂ ಈ ಊರಿಗೆ ಹೊಸ ನೆಂಟರಲ್ಲ.

ಕಾಗದವನ್ನು ಎ4 ಅಳತೆಯಲ್ಲಿ ಕೊಳ್ಳಬೇಡಿ. ಸಾಮಾನ್ಯವಾಗಿ ಅದರ ಎಳೆ ಉದ್ದಕ್ಕಿರುತ್ತದೆ; ಅರ್ಧಕ್ಕೆ ಮಡಚಿದರೆ ಬೆನ್ನಿಗೆ ಅಡ್ಡವಾಗುತ್ತದೆ. ಯಾವುದಾದರೂ ಪ್ರೆಸ್ಸಿಗೆ ಹೋಗಿ 70 ಅಥವಾ 80 ಜಿಎಸ್‌ಎಂನ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಮ್ಯಾಪ್‌ಲಿಥೋ, ಅಂದರೆ ಅಚ್ಚಿನ ಕೆಲಸದ ಕಾಗದ, ಡೆಮಿ ಅಳತೆಯ ಎಂಟು ಹಾಳೆ, ಒಂದೆರಡು ಹೆಚ್ಚುವರಿ ಕೇಳಿ. ಡೆಮಿ ಎಂದರೆ 17½ × 22½ ಇಂಚು. ಎಳೆ ಚಿಕ್ಕ ಬದಿಗೆ ಓಡುವ ಹಾಳೆಯೇ ಬೇಕು ಎಂದು ಹೇಳಿ; ಕೊಡುವವರು ಒಮ್ಮೆ ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಹುಡುಕಿ ಕೊಡುತ್ತಾರೆ.

ಹಾಳೆಯನ್ನು ಉದ್ದ ಅರ್ಧವಾಗುವಂತೆ ಮಡಚಿ, ಮತ್ತೊಮ್ಮೆ ಅಡ್ಡಕ್ಕೆ, ಮತ್ತೊಮ್ಮೆ ಅರ್ಧಕ್ಕೆ. ಮೂರು ಮಡಿಕೆಗೆ ಎಂಟು ಎಲೆ, ಹದಿನಾರು ಪುಟ; ಇದೇ ಒಂದು ಫಾರಂ. ಅಳತೆ ಸುಮಾರು 8¾ × 5⅝ ಇಂಚು, ನಮ್ಮ ಪುಸ್ತಕದಂಗಡಿಗಳಲ್ಲಿ ಕಾಣುವ ಡೆಮಿ 1/8. ಪ್ರತಿ ಮಡಿಕೆಯನ್ನೂ ಚಮಚದ ಬೆನ್ನಿನಿಂದ ಉಜ್ಜಿ. ಮುಂದಿನ ಮಡಿಕೆ ಹಾಕುವ ಮೊದಲು ಹಿಂದಿನದನ್ನು ಚಾಕುವಿನಿಂದ ಅರ್ಧದಾಚೆಗೆ ಸೀಳಿದರೆ ಒಳಗೆ ಸುಕ್ಕು ಬೀಳುವುದಿಲ್ಲ. ಎಂಟು ಫಾರಂ ಆದ ಮೇಲೆ ಭಾರದಡಿ ಒಂದು ರಾತ್ರಿ ಇಡಿ. ಹಲಗೆಯ ಮೇಲೆ ನಾಲ್ಕು ಮಂಗಳೂರು ಹೆಂಚು ಪೇರಿಸಿದರೆ ನನ್ನ ಭಾರ ಸಿದ್ಧ. ಹೆಂಚಿಗೆ ಏಣುಗಳಿರುವುದರಿಂದ ನೇರ ಕಾಗದದ ಮೇಲೆ ಇಡಬಾರದು.

ಹೊಲಿಯುವುದು

ಬೇಕಾದವು: ಸಣ್ಣ ದಬ್ಬಣ, ಮೊಂಡು ಸೂಜಿ, ಗಟ್ಟಿ ಹತ್ತಿದಾರ ಅಥವಾ ನಾರುದಾರ, ಒಂದು ಚೂರು ಜೇನುಮೇಣ, ಅರ್ಧ ಇಂಚು ಅಗಲದ ಹತ್ತಿ ಲಾಡಿಯ ಎರಡು ತುಂಡು, ಒಂದೊಂದೂ 3 ಇಂಚು. ದಾರವನ್ನು ಮೇಣದ ಮೇಲೆ ಎರಡು ಸಲ ಎಳೆಯಿರಿ. ಸಿಕ್ಕಾಗುವುದಿಲ್ಲ, ತೇವವನ್ನೂ ಬೇಗ ಕುಡಿಯುವುದಿಲ್ಲ.

ಕಾಗದದ ಪಟ್ಟಿಯಲ್ಲಿ ತಲೆಯಿಂದ ½, 2¾, 3¼, 5½, 6, 8¼ ಇಂಚಿಗೆ ಗುರುತು ಹಾಕಿ. ಹಳೆಯ ದಪ್ಪ ಪುಸ್ತಕವನ್ನು ಅರ್ಧ ತೆರೆದು ಅದರ ಕಣಿವೆಯಲ್ಲಿ ಫಾರಂ ಕೂರಿಸಿ, ಗುರುತಿನಂತೆ ಮಡಿಕೆಯ ಒಳಗಿನಿಂದ ಹೊರಕ್ಕೆ ಚುಚ್ಚಿ. ತೂತು ಸಣ್ಣದಿರಲಿ.

ಮೇಜಿನ ಅಂಚಿಗೆ ಲಾಡಿಗಳ ತುದಿಯನ್ನು ಟೇಪಿನಿಂದ ಅಂಟಿಸಿ ನೇರ ನಿಲ್ಲಿಸಿ. ಮೊದಲ ಫಾರಮ್ಮಿನ ಒಂದನೆಯ ತೂತಿಗೆ ಹೊರಗಿನಿಂದ ಸೂಜಿ ಹಾಕಿ, 4 ಇಂಚು ಬಾಲ ಬಿಡಿ. ಒಳಗೆ ಸಾಗಿ ಎರಡನೆಯದರಿಂದ ಹೊರಬನ್ನಿ, ಲಾಡಿಯ ಮೇಲಿಂದ ಹಾಯ್ದು ಮೂರಕ್ಕೆ ಒಳಗೆ, ನಾಲ್ಕರಿಂದ ಹೊರಗೆ, ಎರಡನೆಯ ಲಾಡಿ ಹಾಯ್ದು ಐದಕ್ಕೆ ಒಳಗೆ, ಆರರಿಂದ ಹೊರಗೆ. ಎರಡನೆಯ ಫಾರಂ ಮೇಲಿಟ್ಟು ಅದೇ ದಾರಿಯಲ್ಲಿ ವಾಪಸು ಬಂದು, ಬಿಟ್ಟ ಬಾಲಕ್ಕೆ ಗಂಟು ಹಾಕಿ. ಮೂರನೆಯ ಫಾರಮ್ಮಿನ ಕೊನೆಗೆ ಬಂದಾಗ, ನಾಲ್ಕನೆಯದಕ್ಕೆ ಹತ್ತುವ ಮೊದಲು, ಕೆಳಗಿನ ಎರಡು ಫಾರಂಗಳ ನಡುವೆ ಸೂಜಿ ತೂರಿಸಿ, ಹೊರಬಂದ ಕುಣಿಕೆಯೊಳಗೆ ಸೂಜಿ ಹಾಯಿಸಿ ಎಳೆಯಿರಿ. ಇದು ಕೊಂಡಿ ಗಂಟು. ಅಲ್ಲಿಂದ ಪ್ರತಿ ತುದಿಯಲ್ಲೂ ಇದೇ.

ದಾರವನ್ನು ಬೆನ್ನಿನ ದಿಕ್ಕಿಗೆ ಸಮಾನಾಂತರವಾಗಿ ಎಳೆದು ಬಿಗಿಮಾಡಿ. ನಿಮ್ಮ ಕಡೆಗೆ ಎಳೆದರೆ ಕಾಗದ ಹರಿಯುತ್ತದೆ. ದಾರ ಮುಗಿದರೆ ನೇಕಾರರ ಗಂಟಿನಿಂದ ಹೊಸದನ್ನು ಸೇರಿಸಿ, ಗಂಟು ಫಾರಮ್ಮಿನ ಒಳಗೇ ಇರಲಿ. ಎಂಟನೆಯದು ಮುಗಿದಾಗ ಎರಡು ಕೊಂಡಿ ಗಂಟು ಹಾಕಿ ಕತ್ತರಿಸಿ. ಈಗ ಬೆನ್ನು ಹಿಡಿದು ಅಲುಗಿಸಿ ನೋಡಿ. ಅಂಟು ಇನ್ನೂ ಡಬ್ಬಿ ಬಿಟ್ಟು ಹೊರಬಂದಿಲ್ಲ, ಆದರೂ ಪುಸ್ತಕ ನಿಂತಿದೆ.

ಅಂಟು

ಒಂದು ಪಾಲು ಮೈದಾ, ಐದಾರು ಪಾಲು ನೀರು. ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಹೊಳಪು ಬರುವ ತನಕ ಕದಡಿ, ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ. ಹಳೆಯ ಬೈಂಡರುಗಳು ಇದಕ್ಕೆ ಚಿಟಿಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಹಾಕುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಮನೆಗಳಲ್ಲಿ ಅದು ಇದ್ದೇ ಇರುತ್ತದೆ. ಹುಳ ದೂರವಾಗುತ್ತದೆ, ನಿಜ. ಆದರೆ ಅದು ವಿಷ, ಮತ್ತು ತಾಮ್ರದ ಅಂಶ ಕಾಲಾಂತರದಲ್ಲಿ ಕಾಗದವನ್ನೇ ಕೆಡಿಸುತ್ತದೆ. ನಾನು ಹಾಕುವುದಿಲ್ಲ. ಜನವರಿಯಿಂದ ಮೇ ತನಕ ಮೈದಾ, ಮಳೆಗಾಲದಲ್ಲಿ ಫೆವಿಕಾಲ್, ಇದು ನನ್ನ ಕ್ರಮ. ಮೈದಾ ಅಂಟನ್ನು ಒದ್ದೆ ಮಾಡಿ ಬಿಡಿಸಬಹುದು, ತಪ್ಪು ತಿದ್ದಬಹುದು. ಫೆವಿಕಾಲ್ ಆ ಅವಕಾಶ ಕೊಡುವುದಿಲ್ಲ.

ಮೊದಲ ಮತ್ತು ಕೊನೆಯ ಫಾರಮ್ಮಿಗೆ, ಬೆನ್ನಿನ ಬಳಿ ⅛ ಇಂಚು ಅಂಟು ಸವರಿ, ಮಡಚಿದ ಒಂದೊಂದು ಜೋಡಿಹಾಳೆ ಅಂಟಿಸಿ; ಇದರ ಹೊರಗಿನ ಎಲೆ ಕೊನೆಗೆ ರಟ್ಟಿನ ಒಳಮುಖಕ್ಕೆ ಅಂಟುತ್ತದೆ. ಬೆನ್ನನ್ನು ಕುಟ್ಟಿ ಸಮ ಮಾಡಿ ತೆಳುವಾಗಿ ಅಂಟು ಬಳಿದು, ಎರಡೂ ಕಡೆ ಒಂದಿಂಚು ಹೊರಚಾಚುವಂತೆ ಸೀರೆಯ ತುಂಡೊಂದನ್ನು ಕೂರಿಸಿ, ಅದರ ಮೇಲೆ ಬೆನ್ನಿನಷ್ಟೇ ಅಗಲದ ಕಾಗದದ ಪಟ್ಟಿ.

ರಟ್ಟು ಮತ್ತು ಹೊದಿಕೆ

ಸೀರೆ ತೆಳು, ನೇರವಾಗಿ ಅಂಟಿಸಿದರೆ ಅಂಟು ಹೊರಗೆ ಜಿನುಗಿ ಕಲೆಯಾಗುತ್ತದೆ. ದರ್ಜಿಗಳು ಕಾಲರಿಗೆ ಹಾಕುವ, ಇಸ್ತ್ರಿಗೆ ಅಂಟುವ ತೆಳು ಕ್ಯಾನ್ವಾಸನ್ನು ಹಿಂಬದಿಗೆ ಕೂರಿಸಿ. ಅಂಗಡಿಯ ಕ್ಯಾಲಿಕೋ ಬಟ್ಟೆಗಿಂತ ಇದು ಬಾಳುತ್ತದೆಯೇ ಎಂದರೆ ಇಲ್ಲ, ಆದರೆ ಅದರಲ್ಲಿ ಅಮ್ಮನ ಸೀರೆಯ ಹೂವು ಇರುವುದಿಲ್ಲ.

2 ಮಿಲಿಮೀಟರ್ ದಪ್ಪದ ರಟ್ಟಿನಲ್ಲಿ 9 × 5½ ಇಂಚಿನ ಎರಡು ತುಂಡು. ಬೆನ್ನಿಗೆ 9 ಇಂಚು ಉದ್ದ, ಪುಸ್ತಕದ ದಪ್ಪಕ್ಕೆ ಎರಡು ರಟ್ಟಿನ ದಪ್ಪ ಸೇರಿಸಿದಷ್ಟು ಅಗಲ, ಸುಮಾರು ½ ಇಂಚು. ನಿಮ್ಮ ಪುಸ್ತಕವನ್ನು ಅಳೆದೇ ಕತ್ತರಿಸಿ. ಬಟ್ಟೆ 10½ × 13½ ಇಂಚು, ಹಾಸು ಎತ್ತರಕ್ಕೆ. ರಟ್ಟಿಗೂ ಬೆನ್ನುಪಟ್ಟಿಗೂ ನಡುವೆ ¼ ಇಂಚು ಸಂದು ಬಿಟ್ಟು ಮೂರನ್ನೂ ಬಟ್ಟೆಯ ಮೇಲೆ ಅಂಟಿಸಿ.

ಮತ್ತೆ ಮೂಲೆ. ಕೌದಿಯ ಮೂಲೆಯಲ್ಲಿ ಮಡಚಿದಿರಿ, ಇಲ್ಲಿ ಕತ್ತರಿಸಬೇಕು. ರಟ್ಟಿನ ಮೊನೆಯಿಂದ ರಟ್ಟಿನ ದಪ್ಪದ ಒಂದೂವರೆಪಟ್ಟು ಬಿಟ್ಟು ಓರೆಯಾಗಿ ಕತ್ತರಿಸಿ. ಕಡಿಮೆ ಬಿಟ್ಟರೆ ರಟ್ಟು ಇಣುಕುತ್ತದೆ, ಹೆಚ್ಚು ಬಿಟ್ಟರೆ ಗಡ್ಡೆಯಾಗುತ್ತದೆ. ಮೇಲಿನ, ಕೆಳಗಿನ ಅಂಚನ್ನು ಮೊದಲು ಮಡಚಿ. ಮೊನೆಯ ಪುಟ್ಟ ಕಿವಿಯನ್ನು ಉಗುರಿನಿಂದ ಒಳಕ್ಕೆ ಒತ್ತಿ. ಆಮೇಲೆ ಬದಿಯ ಅಂಚು.

ಪುಸ್ತಕವನ್ನು ಹೊದಿಕೆಯೊಳಗೆ ನಡುಮಧ್ಯಕ್ಕೆ ಕೂರಿಸಿ. ಜೋಡಿಹಾಳೆಯ ನಡುವೆ ರದ್ದಿ ಕಾಗದ ಇಟ್ಟು, ಲಾಡಿ ಮತ್ತು ಬಟ್ಟೆಯ ಚಾಚುಗಳ ಕೆಳಗೂ ಮೇಲೂ ಅಂಟು ಬಳಿದು, ರದ್ದಿ ತೆಗೆದು, ರಟ್ಟನ್ನು ಒಂದೇ ಸಲಕ್ಕೆ ಮುಚ್ಚಿ. ತೆರೆದು ನೋಡುವ ಆಸೆಯಾಗುತ್ತದೆ. ನೋಡಬೇಡಿ. ಇನ್ನೊಂದು ಬದಿಯನ್ನೂ ಹಾಗೆಯೇ ಮಾಡಿ, ಸಂದಿನಲ್ಲಿ ಹೆಣಿಗೆಯ ಕಡ್ಡಿಯನ್ನು ಒತ್ತಿ ಗೆರೆ ಮೂಡಿಸಿ. ಒಳಗೆ ಪ್ಲಾಸ್ಟಿಕ್ ಹಾಳೆ, ಹೊರಗೆ ದಿನಪತ್ರಿಕೆ, ಮೇಲೆ ಹಲಗೆ ಮತ್ತು ಹೆಂಚು. ಬೇಸಿಗೆಯಲ್ಲಿ ಒಂದು ರಾತ್ರಿ ಸಾಕು. ಮಳೆಗಾಲದಲ್ಲಿ ಮೂರು ದಿನ, ಪತ್ರಿಕೆಯನ್ನು ಬೆಳಿಗ್ಗೆ ಸಂಜೆ ಬದಲಿಸುತ್ತ.

ಮೊದಲ ಸಲ ತೆರೆಯುವಾಗ ನಡುವಿಗೆ ಒಮ್ಮೆಲೇ ತೆರೆಯಬೇಡಿ. ಬೆನ್ನಿನ ಮೇಲೆ ನಿಲ್ಲಿಸಿ, ಎರಡೂ ರಟ್ಟನ್ನು ಮಲಗಿಸಿ, ಮುಂದಿನಿಂದ ನಾಲ್ಕು ಹಾಳೆ, ಹಿಂದಿನಿಂದ ನಾಲ್ಕು ಹಾಳೆಯಂತೆ ಒತ್ತಿ ಸವರುತ್ತ ನಡುವಿಗೆ ಬನ್ನಿ. ಅಲ್ಲಿ ದಾರ ಕಾಣುತ್ತದೆ.